ಗಿರಣಿ ಮೇಡಂ ಮತ್ತು ಒಂದು ಗುಟುಕು ನೀರು

ಎಂಟನೇ ತರಗತಿಯ ಬಿ ವಿಭಾಗಕ್ಕೆ ಲೆಕ್ಕ ಕಲಿಸುವ ಮೇಡಂಗೆ ಮಕ್ಕಳು ಇಟ್ಟ ಹೆಸರು ಗಿರಣಿ ಮೇಡಂ. ಅವರ ದನಿ ಅಷ್ಟು ದೊಡ್ಡದು. ಮಹಡಿಯ ಮೇಲೆ ಅವರು ಮಗ್ಗಿ ಹೇಳಿಸಿದರೆ ಕೆಳಗಿನ ಪುಟ್ಟ ಮಕ್ಕಳಿಗೆ ಪುಕ್ಕಟೆಯಾಗಿ ಬಾಯಿಪಾಠವಾಗುತ್ತಿತ್ತು.

ಮಕ್ಕಳಿಗೆ ಗೊತ್ತಿಲ್ಲದೆಯೇ ಆ ಹೆಸರು ನಿಜವಾಗಿತ್ತು. ಮೇಡಂ ಹುಟ್ಟಿ ಬೆಳೆದದ್ದು ಹಿಟ್ಟಿನ ಗಿರಣಿಯ ಹಿಂದಿನ ಎರಡು ಕೋಣೆಗಳಲ್ಲಿ. ಅವರಪ್ಪ ಗಿರಣಿ ನಡೆಸುತ್ತಿದ್ದರು. ಯಂತ್ರ ಬೆಳಗಿನಿಂದ ಗಡಗಡ ಎನ್ನುತ್ತಿದ್ದ ಆ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಕಿರುಚಬೇಕಿತ್ತು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಪದ್ಧತಿಯೇ ಇರಲಿಲ್ಲ. ಉತ್ತರ ಕೊಟ್ಟರೂ ಯಾರಿಗೂ ಕೇಳಿಸುತ್ತಿರಲಿಲ್ಲ. "ಊಟ ಮಾಡ್ತೀಯಾ? ಮಾಡ್ತೀಯ ಬಿಡು, ಬಾ" ಎಂದು ಅಮ್ಮ ಪ್ರಶ್ನೆ ಉತ್ತರ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಡಿಗ್ರಿ ಬಂತು, ಕೆಲಸ ಬಂತು, ಮದುವೆಯೂ ಆಯಿತು. ದನಿ ಮಾತ್ರ ಗಿರಣಿಯದೇ ಉಳಿಯಿತು.

ಬಿ ವಿಭಾಗವನ್ನು ಅವರು ಆರನೇ ತರಗತಿಯಿಂದಲೂ ಕೈಬಿಟ್ಟಿರಲಿಲ್ಲ. ಅದು ಇಡೀ ಶಾಲೆಯಲ್ಲೇ ಹೆಸರುವಾಸಿ ತರಗತಿ. ಅಲ್ಲಿನ ಗದ್ದಲ ಕೇಳಿದರೆ ಸಂತೆಯೂ ನಾಚಬೇಕು. ಲೆಕ್ಕದಲ್ಲಿ ಅರ್ಧ ತರಗತಿ ಮುಗ್ಗರಿಸುತ್ತಿತ್ತು. ಆದರೂ ಆ ಮಕ್ಕಳೆಂದರೆ ಮೇಡಂಗೆ ಪ್ರಾಣ. ಅವರಲ್ಲಿ ಯಾರಿಗೆ ಹಲ್ಲು ಬಿತ್ತು, ಯಾರ ಮನೆಯಲ್ಲಿ ಹೊಸ ಕೂಸು ಬಂತು ಎಂಬುದೆಲ್ಲ ಅವರಿಗೆ ಗೊತ್ತಿತ್ತು.

ಆ ವರ್ಷ ಹೆಡ್‌ಮಾಸ್ಟರು ಸಭೆ ಕರೆದು, ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಯಲ್ಲೇ ಒಂದು ಸಣ್ಣ ಸಂಶೋಧನೆ ಮಾಡಬೇಕೆಂದರು. ಯಾವುದಾದರೂ ಒಂದು ತೊಂದರೆ ಆರಿಸಿಕೊಳ್ಳಿ, ಕಲಿಸುವ ರೀತಿಯಲ್ಲಿ ಒಂದೇ ಒಂದು ಬದಲಾವಣೆ ಮಾಡಿ, ಏನಾಗುತ್ತದೆ ನೋಡಿ ಹೇಳಿ ಎಂದರು.

"ಸರ್, ನಮ್ಮ ಕ್ಲಾಸಲ್ಲಿ ಸಂಶೋಧನೆ ಮಾಡೋಕೆ ಏನಿದೆ? ಡಸ್ಟರ್ ಎಲ್ಲಿ ಹೋಗುತ್ತೆ ಅನ್ನೋದೊಂದು ಬಿಟ್ರೆ!" ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು. ಸಭೆ ಮುಗಿದ ಮೇಲೆ ಹೆಡ್‌ಮಾಸ್ಟರು ಗಿರಣಿ ಮೇಡಂ ಒಬ್ಬರನ್ನೇ ನಿಲ್ಲಿಸಿಕೊಂಡರು.

"ಮೇಡಂ, ನಿಮ್ಮ ಬಿ ವಿಭಾಗ ನನ್ನ ತಲೆ ಮೇಲೇ ಇದೆ. ಬರೀ ಮಾತಿಗೆ ಹೇಳ್ತಿಲ್ಲ, ನನ್ನ ಆಫೀಸಿನ ಮೇಲೇ ಇದೆ. ಈ ಟರ್ಮ್ ಮುಗಿಯೋದರೊಳಗೆ ಆ ಮಕ್ಕಳು ದಾರಿಗೆ ಬರಲಿಲ್ಲ ಅಂದ್ರೆ ಕ್ಲಾಸನ್ನ ವಿಜ್ಞಾನದ ಮೇಷ್ಟ್ರಿಗೆ ಕೊಡ್ತೀನಿ. ನೀವು ಲೈಬ್ರರಿ ನೋಡ್ಕೊಳ್ಳಿ. ಅಲ್ಲಾದ್ರೂ ಸದ್ದಿರಲ್ಲ."

"ನಾನಿದ್ದ ಕಡೆ ಸದ್ದಿರಲ್ವಾ ಸರ್?" ಎಂದು ಮೇಡಂ ನಗಲು ನೋಡಿದರು. ನಗು ಬರಲಿಲ್ಲ.

ಮೊದಲ ಪ್ರಯೋಗ ಮಾರನೆಯ ದಿನವೇ ಶುರುವಾಯಿತು. ಯಾವ ಸಾಲು ಎಲ್ಲಕ್ಕಿಂತ ಶಾಂತವಾಗಿರುತ್ತದೋ ಆ ಸಾಲಿಗೆ ಎಲ್ಲರಿಗಿಂತ ಮೊದಲು ಆಟಕ್ಕೆ ಬಿಡುಗಡೆ. ಎರಡು ದಿನ ತರಗತಿ ದೇವರ ಗುಡಿಯಂತಿತ್ತು. ಮೂರನೆಯ ದಿನ ಮಕ್ಕಳು ಬುದ್ಧಿ ಓಡಿಸಿದರು: ತಾವು ಸುಮ್ಮನಿರುವುದಕ್ಕಿಂತ ಪಕ್ಕದ ಸಾಲನ್ನು ನಗಿಸುವುದು ಸುಲಭ. ಪ್ರತಿ ಸಾಲಿನಲ್ಲೂ ಮುಖ ಸೊಟ್ಟ ಮಾಡುವುದಕ್ಕೆಂದೇ ಒಬ್ಬೊಬ್ಬ ನೇಮಕವಾದ. ಕಾಗೆಯಂತೆ ಕೂಗುವುದರಲ್ಲಿ ಮೂರನೇ ಸಾಲಿನವರದು ಎತ್ತಿದ ಕೈ. ವಾರ ಕಳೆಯುವಷ್ಟರಲ್ಲಿ ಗದ್ದಲ ಮೊದಲಿನದಕ್ಕಿಂತ ಜೋರಾಗಿತ್ತು.

ಸೋತ ಮೇಡಂ ಒಂದು ದಿನ ಮಕ್ಕಳಿಗೇ ಹೇಳಿದರು: "ಇವತ್ತು ನಾನು ಹಿಂದಿನ ಬೆಂಚಲ್ಲಿ ಕೂರ್ತೀನಿ. ನಿಮ್ಮಲ್ಲಿ ಒಬ್ಬರು ಬಂದು ಪಾಠ ಮಾಡಿ. ಇದನ್ನ ನಿಭಾಯಿಸೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಾಗಲಿ."

ಮಾತು ಮುಗಿಯುವ ಮೊದಲೇ, ಎಲ್ಲರೂ ಬಟಾಣಿ ಎಂದು ಕರೆಯುವ ಹುಡುಗ ಎದ್ದು ಬಂದ. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳ, ಯಾರನ್ನಾದರೂ ಅಣಕಿಸುವುದರಲ್ಲಿ ಎಲ್ಲರಿಗಿಂತ ಜಾಣ. ಮೇಡಂ ಕೊನೆಯ ಬೆಂಚಿನಲ್ಲಿ ಕಂಬದ ಪಕ್ಕ ಕುಳಿತರು. ಕಂಬ ಎಂದರೆ ಗೋಡೆಯ ಕಂಬವಲ್ಲ, ತರಗತಿಯ ಅತಿ ಉದ್ದದ ಹುಡುಗಿ. ಮೂರು ವರ್ಷದಲ್ಲಿ ಅವಳು ತಾನಾಗಿ ಬಾಯಿ ಬಿಟ್ಟದ್ದನ್ನು ಮೇಡಂ ಕಂಡಿರಲಿಲ್ಲ.

ಬಟಾಣಿ ಸೊಂಟದ ಮೇಲೆ ಕೈಯಿಟ್ಟು, ಇಲ್ಲದ ಸೆರಗನ್ನು ಸರಿಪಡಿಸಿಕೊಂಡು ಗುಡುಗಿದ: "ಹದಿನೈದರ ನಾಲ್ಕು ಪಟ್ಟು ಎಷ್ಟು? ಹೇಳಿ! ಬೇಗ! ಅರವತ್ತು ಕಣ್ರೋ! ಅದರಲ್ಲಿ ಅರ್ಧ? ಮೂವತ್ತು! ಇಷ್ಟೂ ಗೊತ್ತಿಲ್ವಾ? ನಿಮ್ಮ ತಲೇಲಿ ಇರೋದು ಮಿದುಳಾ, ಮಜ್ಜಿಗೇನಾ? ಮಜ್ಜಿಗೆ!"

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಕೂಡ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪಕ್ಕದಲ್ಲಿ ಕಂಬ ಮಾತ್ರ ಪುಸ್ತಕದ ಮೂಲೆಯಲ್ಲಿ ಎಲೆ, ಬಳ್ಳಿ ಬಿಡಿಸುತ್ತಾ ಕೂತಿದ್ದಳು.

"ಏನೇ, ಲೆಕ್ಕ ಮಾಡ್ತಿಲ್ವಾ?"

"ಯಾಕೆ ಮೇಡಂ?" ಹುಡುಗಿ ಮುಗ್ಧವಾಗಿ ಕೇಳಿದಳು. "ಹೇಗೂ ಉತ್ರ ಅವನೇ ಹೇಳ್ತಾನಲ್ಲ. ನೀವೂ ಹೇಳ್ತೀರ. ನಾನು ಹುಡುಕೋಕೆ ಶುರು ಮಾಡೋದರೊಳಗೆ ನಿಮ್ಮದು ಮುಗಿದಿರುತ್ತೆ."

ಮೇಡಂ ನಗು ನಿಂತಿತು. ಮಕ್ಕಳಿಗೆ ತಾನು ಮಾಡಲು ಏನೂ ಬಿಡುತ್ತಿಲ್ಲ, ಕೈಖಾಲಿ ಕೂತವರು ಗದ್ದಲ ಮಾಡದೆ ಇನ್ನೇನು ಮಾಡಿಯಾರು ಎಂಬುದು ಅವರಿಗೆ ಆ ಬೆಂಚಿನ ಮೇಲೆ ಹೊಳೆಯಿತು.

ಅಂದಿನಿಂದ ಅವರ ಸಂಶೋಧನೆ ಬದಲಾಯಿತು: ಪ್ರಶ್ನೆ ಕೇಳುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದು. ಹೇಳುವುದಕ್ಕೆ ಸುಲಭ. ಆದರೆ ಮೌನ ಬಂದ ಕೂಡಲೇ ಅವರ ನಾಲಿಗೆ ತುರಿಸುತ್ತಿತ್ತು. ತುಟಿ ಕಚ್ಚಿ ನೋಡಿದರು, ಬೆನ್ನು ತಿರುಗಿಸಿ ನಿಂತು ನೋಡಿದರು. ಉತ್ತರ ತಾನಾಗಿಯೇ ಹೊರಬೀಳುತ್ತಿತ್ತು. ಒಂದು ದಿನ ಪ್ರಶ್ನೆ ಕೇಳಿದ ಮೇಲೆ ಗಂಟಲು ಒಣಗಿತೆಂದು ಬಾಟಲಿ ಎತ್ತಿ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡರು. ನುಂಗುವ ಮೊದಲೇ ಕೊನೆಯ ಬೆಂಚಿನಿಂದ ಒಂದು ಸಣ್ಣ ದನಿ ಬಂತು: "ಎಪ್ಪತ್ತೆರಡಾ, ಮೇಡಂ?"

ಅದು ಕಂಬದ ದನಿ. ಉತ್ತರ ಸರಿಯಾಗಿತ್ತು. ಆ ಸಂತೋಷಕ್ಕೆ ಮೇಡಂಗೆ ನೀರು ನೆತ್ತಿಗೇರಿ, ಮುಂದಿನ ಸಾಲಿನವರಿಗೆ ಸ್ನಾನವಾಯಿತು.

ಅದೇ ಅವರ ಉಪಾಯವಾಯಿತು. ಪ್ರಶ್ನೆ ಕೇಳುವುದು, ಗುಟುಕು ನೀರು ಬಾಯಲ್ಲಿ ಹಿಡಿಯುವುದು, ಕೆನ್ನೆ ಉಬ್ಬಿಸಿಕೊಂಡು ನಿಲ್ಲುವುದು. ಮೊದಲ ವಾರ ಮಕ್ಕಳು ಆ ಕೆನ್ನೆ ನೋಡಿಯೇ ಬಿದ್ದು ಬಿದ್ದು ನಕ್ಕರು. ಎರಡನೇ ವಾರ ನಗುವುದಕ್ಕೆ ಬೇಸರವಾಗಿ, ಬೇರೆ ಕೆಲಸವಿಲ್ಲದೆ ಲೆಕ್ಕ ಮಾಡತೊಡಗಿದರು. ಮೇಡಂ ಮನೆಯಲ್ಲೂ ಅಭ್ಯಾಸ ಮಾಡಿದರು.

"ಏನಮ್ಮಾ, ಹಲ್ಲು ನೋವಾ?" ಎಂದರು ಅತ್ತೆ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ವಿಷಯ ತಿಳಿದು ಕೈ ಮುಗಿದರು. "ಮದುವೆಯಾಗಿ ಇಷ್ಟು ವರ್ಷ ಆಯ್ತು. ಇದನ್ನ ಸ್ವಲ್ಪ ಮೊದಲೇ ಕಂಡುಹಿಡಿಬಾರದಿತ್ತಾ, ಮಾರಾಯ್ತಿ?" ಮೇಡಂ ಬಾಯಲ್ಲಿ ನೀರಿತ್ತು. ಉತ್ತರಕ್ಕೆ ಬದಲಾಗಿ ಸೌಟು ಎತ್ತಿ ತೋರಿಸಿದರು.

ಒಂದು ಕಷ್ಟ ಮಾತ್ರ ಉಳಿಯಿತು. ಮಕ್ಕಳು ಉತ್ತರ ಹುಡುಕತೊಡಗಿದ ಮೇಲೆ ಉತ್ತರಕ್ಕಾಗಿ ಜಗಳವಾಡತೊಡಗಿದರು. ಮೊದಲಿದ್ದ ಕಾಗೆಯ ಕೂಗು ಹೋಗಿ "ನಿಂದು ತಪ್ಪು ಕಣೋ", "ನಿಂದೇ ತಪ್ಪು" ಬಂತು. ಸದ್ದು ಅಷ್ಟೇ ಇತ್ತು. ಹೆಡ್‌ಮಾಸ್ಟರು ಕೇಳಿದ್ದಾದರೋ ಶಾಂತಿಯನ್ನು. ಲೈಬ್ರರಿಯ ಬೀಗದ ಕೈ ಮೇಡಂ ಕಣ್ಣ ಮುಂದೆ ಜೋತಾಡತೊಡಗಿತು.

ಟರ್ಮಿನ ಕೊನೆಯ ವಾರ ಹೆಡ್‌ಮಾಸ್ಟರು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತರು. ಒಳಗೆ ಅರ್ಧ ತರಗತಿ ಎದ್ದು ನಿಂತಿತ್ತು. ಬಟಾಣಿ ಬೆಂಚಿನ ಮೇಲೇ ಹತ್ತಿದ್ದ. ಮೇಡಂ ಕೆನ್ನೆ ಉಬ್ಬಿಸಿಕೊಂಡು ಕಿಟಕಿಯ ಹತ್ತಿರ ನಿಂತಿದ್ದರು.

"ಏನಿದು ಗಲಾಟೆ? ಮೇಡಂ, ಇದೇನಾ ನಿಮ್ಮ ಸಂಶೋಧನೆ?"

ಮೇಡಂ ಗಾಬರಿಯಾಗಿ ಬಾಯಿ ತೋರಿಸಿದರು. ಕಂಬ ಎದ್ದಳು. "ಸರ್, ಮೇಡಂ ಕಾಯ್ತಿದ್ದಾರೆ."

"ಯಾರಿಗೆ?"

"ನಮಗೆ ಸರ್. ಉತ್ರ ಎರಡು ಬಂದಿದೆ. ಒಂದು ಶಾಲೇಲಿ ನೂರು ಮಕ್ಕಳಿದ್ದಾರೆ. ಒಂದು ವರ್ಷ ಶೇಕಡಾ ಇಪ್ಪತ್ತು ಜಾಸ್ತಿ ಆದ್ರು. ಮಾರನೇ ವರ್ಷ ಶೇಕಡಾ ಇಪ್ಪತ್ತು ಕಮ್ಮಿ ಆದ್ರು. ಈಗ ಎಷ್ಟು? ನೀವು ಹೇಳಿ ಸರ್."

"ಇದರಲ್ಲೇನಿದೆ? ಇಪ್ಪತ್ತು ಬಂತು, ಇಪ್ಪತ್ತು ಹೋಯ್ತು. ನೂರೇ."

ಯಾರೂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ, ನಗಲೂ ಇಲ್ಲ. ಬಟಾಣಿ ಬೆಂಚಿನಿಂದ ಇಳಿದು ಕುಳಿತ. ಇಡೀ ತರಗತಿ ಹೆಡ್‌ಮಾಸ್ಟರ ಮುಖ ನೋಡುತ್ತಾ ಸುಮ್ಮನಾಯಿತು. ಅವರು ಮೇಡಂ ಕಡೆ ನೋಡಿದರು. ಅಲ್ಲಿ ಉಬ್ಬಿದ ಕೆನ್ನೆ ಬಿಟ್ಟರೆ ಯಾವ ಸಹಾಯವೂ ಕಾಣಲಿಲ್ಲ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ತಡೀರಿ... ಎರಡನೇ ವರ್ಷ ಲೆಕ್ಕ ಹಾಕಬೇಕಾದ್ದು ನೂರಕ್ಕಲ್ಲ, ನೂರಾ ಇಪ್ಪತ್ತಕ್ಕೆ. ಅದರಲ್ಲಿ ಶೇಕಡಾ ಇಪ್ಪತ್ತು ಅಂದ್ರೆ... ಇಪ್ಪತ್ತನಾಲ್ಕು. ಹಾಗಾದ್ರೆ ತೊಂಬತ್ತಾರು!"

"ನಾನು ಹೇಳಿದ್ದೂ ಅದೇ ಸರ್!" ಎಂದು ಅರ್ಧ ತರಗತಿ ಕುಣಿಯಿತು. ಇನ್ನರ್ಧ ಹಣೆ ಚಚ್ಚಿಕೊಂಡಿತು. ಹೆಡ್‌ಮಾಸ್ಟರು ತಮ್ಮ ಸ್ಥಾನಮಾನ ಮರೆತು ಬಟಾಣಿಯ ಬೆನ್ನು ತಟ್ಟಿದರು. ಆಮೇಲೆ ನೆನಪಾಗಿ ಕೆಮ್ಮಿ, ಮೇಡಂ ಅವರನ್ನು ಹೊರಗೆ ಕರೆದರು. ಮೇಡಂ ಅಷ್ಟರಲ್ಲಿ ನೀರು ನುಂಗಿದ್ದರು.

"ಗದ್ದಲ ಕಡಿಮೆ ಆಗಿಲ್ಲ, ಮೇಡಂ."

"ಆಗಿಲ್ಲ ಸರ್. ಸುಳ್ಳು ಹೇಳಲ್ಲ. ಲೆಕ್ಕ ಬರದೇ ಇದ್ದವರಲ್ಲಿ ಹೆಚ್ಚಿನವರಿಗೆ ಈಗ ಬರ್ತಿದೆ. ಕೆಲವರು ಇನ್ನೂ ಹಾಗೇ ಇದ್ದಾರೆ, ಅವರಿಗೆ ಏನು ಮಾಡಬೇಕು ಅಂತ ನನಗಿನ್ನೂ ಗೊತ್ತಾಗಿಲ್ಲ. ಕ್ಲಾಸು ನನ್ನ ಹತ್ರ ಇದ್ರೆ ನೋಡಬಹುದಿತ್ತು."

ಹೆಡ್‌ಮಾಸ್ಟರು ಬಾಗಿಲತ್ತ ತಿರುಗಿ ನೋಡಿದರು. ಒಳಗೆ ಮತ್ತೊಂದು ಜಗಳ ಆಗಲೇ ಶುರುವಾಗಿತ್ತು.

"ಕ್ಲಾಸು ನಿಮ್ಮ ಹತ್ರಾನೇ ಇರಲಿ," ಎಂದರು. "ಆದ್ರೆ ನನ್ನ ತಲೆ ಮೇಲಿಂದ ಇಳಿಸಿ. ಆಟದ ಬಯಲಿನ ಪಕ್ಕ ಸಾಮಾನು ತುಂಬಿರೋ ಕೋಣೆ ಇದೆಯಲ್ಲ, ಅದನ್ನ ಖಾಲಿ ಮಾಡಿಸ್ತೀನಿ. ಅಲ್ಲಿ ಚಾವಣಿ ಹಾರಿಸಿದ್ರೂ ಕೇಳಲ್ಲ."

ಶನಿವಾರ ಬಿ ವಿಭಾಗ ಮನೆ ಬದಲಾಯಿಸಿತು. ಒಂದೊಂದು ಬೆಂಚಿಗೆ ನಾಲ್ಕು ನಾಲ್ಕು ಮಕ್ಕಳು ಹೆಗಲು ಕೊಟ್ಟು ಮೆಟ್ಟಿಲು ಇಳಿದರು. ಉದ್ದ ಕರಿಹಲಗೆ ತಿರುವಿನಲ್ಲಿ ಸಿಕ್ಕಿಕೊಂಡಾಗ ಒಂದು ತುದಿಯನ್ನು ಹೆಡ್‌ಮಾಸ್ಟರೇ ಹಿಡಿದರು. ಇನ್ನೊಂದು ತುದಿಯಲ್ಲಿದ್ದ ಮೇಡಂ ಕಟ್ಟಡವೇ ನಡುಗುವಂತೆ ಕೂಗುತ್ತಿದ್ದರು: "ಎಡಕ್ಕೆ ಸರ್, ಎಡಕ್ಕೆ! ಸ್ವಲ್ಪ ಎತ್ತಿ!"