ಇಟಲಿಯ ಚೀಸು, ನಮ್ಮತ್ತೆಯ ರೊಟ್ಟಿ

ನಮ್ಮದು ವಿಜಯನಗರದ ಲಿಂಗಾಯತರ ಮನೆ. ಹುಟ್ಟುಹಬ್ಬದ ಕೇಕ್ ಬಂದರೂ ಮೊದಲು ಡಬ್ಬ ತಿರುಗಿಸಿ ಹಸಿರು ಚುಕ್ಕೆ ಹುಡುಕುವ ಜನ. ಅಂಥ ಮನೆಗೆ ಹೋದ ವರ್ಷ ಇಟಲಿಯ ಚೀಸ್ ಬಂತು.

ತಂದವನು ನನ್ನ ಮೈದುನ. ಎಣ್ಣೆ ಗಾಣ ಇಟ್ಟುಕೊಂಡು ಚೆನ್ನಾಗಿಯೇ ಇದ್ದವನು ಅಲ್ಲಿನ ಆಹಾರ ಮೇಳಕ್ಕೆ ಒಂದು ಸಲ ಹೋಗಿಬಂದ ಮೇಲೆ ಇಂಪೋರ್ಟರ್ ಆಗಿಬಿಟ್ಟಿದ್ದ. ಸರಕು ಇನ್ನೂ ಒಂದು ಡಬ್ಬವೂ ಬಂದಿರಲಿಲ್ಲ, ವಿಸಿಟಿಂಗ್ ಕಾರ್ಡ್ ಮಾತ್ರ ಬಂದಿತ್ತು.

ಸ್ಯಾಂಪಲ್ ಅಂತ ಸೂಟ್‌ಕೇಸಿನಲ್ಲಿ ಇಟ್ಟಿಗೆಯಂಥ ತುಂಡೊಂದನ್ನು ತಂದಿದ್ದ. ಅಲ್ಲಿಯ ಡೈರಿಯ ಯಜಮಾನ ಕಾಗದದಲ್ಲಿ ಸುತ್ತಿ ಕೊಟ್ಟದ್ದು. ಅದರ ಮೇಲೆ ಯಾವ ಚುಕ್ಕೆಯೂ ಇರಲಿಲ್ಲ. ಹಾಲಿನದು ತಾನೇ ಎಂದು ನಾವೂ ಸುಮ್ಮನಾದೆವು. ಪೂಜೆ ಆಗದೆ ಕಾಫಿ ಮುಟ್ಟದ, ಹೋಟೆಲಿನ ನೀರನ್ನೂ ಕುಡಿಯದ ನಮ್ಮತ್ತೆ ಅದನ್ನು ಬಿಸಿ ರೊಟ್ಟಿಯ ಮೇಲೆ ತುರಿದುಕೊಂಡು ತಿಂದರು. ಮೆಚ್ಚಿದರು. ಮರುದಿನವೂ ಕೇಳಿದರು. ಮೈದುನನಿಗೆ ಅದಕ್ಕಿಂತ ದೊಡ್ಡ ಮಾರ್ಕೆಟ್ ಸರ್ವೆ ಬೇಕಿರಲಿಲ್ಲ. ಅಮ್ಮ ತಿಂದಮೇಲೆ ಬಸವೇಶ್ವರನಗರ ಪೂರ್ತಿ ತಿನ್ನುತ್ತದೆ ಅಂದ.

ಆಗ ಕಸ್ಟಮ್ಸಿನಿಂದ ಸರಕು ಬಿಡಿಸಿಕೊಡುವ ರಾಜಾಜಿನಗರದ ಕ್ಲಿಯರಿಂಗ್ ಏಜೆಂಟ್ ಒಂದು ಸಣ್ಣ ವಿಷಯ ಹೇಳಿದ. ಹಾಲು ಹೆಪ್ಪುಗಟ್ಟಿಸಲು ಪ್ರಾಣಿಯಿಂದ ತೆಗೆದದ್ದೇನನ್ನೂ ಬಳಸಿಲ್ಲ ಎಂದು ಆ ದೇಶದವರು ಸರ್ಟಿಫಿಕೇಟ್ ಕೊಡಬೇಕು. ಇಲ್ಲದಿದ್ದರೆ ಇಲ್ಲಿಯ ಕಸ್ಟಮ್ಸ್ ಚೀಸನ್ನು ಒಳಗೆ ಬಿಡುವುದಿಲ್ಲ. ಮೈದುನ ಅದನ್ನು ನಾವೆಲ್ಲ ತೆಗೆದುಕೊಳ್ಳುವ ಹಾಗೆಯೇ ತೆಗೆದುಕೊಂಡ. ಒಂದು ಲೈನ್ ತಾನೇ, ಬರೆಸಿಕೊಂಡರಾಯಿತು.

ಭಾನುವಾರ ಊಟದ ಮೇಜಿನ ಮೇಲೆ ಫೋನ್ ನಿಲ್ಲಿಸಿ ಡೈರಿಯ ಯಜಮಾನನಿಗೆ ವಿಡಿಯೋ ಕಾಲ್ ಮಾಡಿದ. ಎದುರಿಗೆ ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮೈದುನ ಬೆಣ್ಣೆಯಂಥ ಇಂಗ್ಲಿಷಿನಲ್ಲಿ ಆ ಒಂದು ಲೈನ್ ಕೇಳಿದ. ಯಜಮಾನ ನಕ್ಕು, ಆಗುವುದಿಲ್ಲ ಅಂದ. ಅವರ ಕಾನೂನಿನ ಪ್ರಕಾರ ಕರುವಿನ ಜಠರದ ರಸ ಹಾಕಲೇಬೇಕಂತೆ. ಹಾಕದಿದ್ದರೆ ಆ ಚೀಸಿಗೆ ಆ ಹೆಸರೇ ಸಿಗುವುದಿಲ್ಲವಂತೆ. ಹಾಕಲೇಬೇಕು ಅಂತ ಒಂದು ಸರ್ಕಾರ, ಹಾಕಲೇಬಾರದು ಅಂತ ಇನ್ನೊಂದು. ಇಬ್ಬರಿಗೂ ಅನುಮಾನವೇ ಇರಲಿಲ್ಲ. ಮಧ್ಯದಲ್ಲಿ ನಮ್ಮ ರೊಟ್ಟಿ.

ಮೈದುನ ಬಿಡದೆ ಕೇಳುತ್ತಲೇ ಇದ್ದದ್ದರಿಂದ ಇವನಿಗೆ ಭಾಷೆ ಅರ್ಥವಾಗಿಲ್ಲ ಅಂದುಕೊಂಡನೋ ಏನೋ, ಆ ಪುಣ್ಯಾತ್ಮ ಗೋಡೆಯ ಮೇಲಿದ್ದ ಕರುವಿನ ಫೋಟೋ ತೋರಿಸಿ, ತನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿಕೊಂಡ.

ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಕಾಲ್ ಮುಗಿದದ್ದೇ ಅತ್ತೆ ಕೇಳಿದರು.

"ಕರು ತೋರ್ಸಿ ಹೊಟ್ಟೆ ಯಾಕೋ ಬಡ್ಕಂಡ ಅವನು?"

"ಅಲ್ಲಿ ಕರುಗಳು ಹೊಟ್ಟೆ ತುಂಬ ಹಾಲು ಕುಡೀತವಂತಮ್ಮ."

ಅತ್ತೆ ನನ್ನ ಕಡೆ ತಿರುಗಿದರು. "ನೀನ್ ಹೇಳೇ."

ಮೈದುನ ಕಣ್ಣಲ್ಲೇ ಬೇಡ ಅಂದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಡುಗೆ ಮಾಡುವವಳು ನಾನು. ತಿನ್ನುವವರಿಗೆ ತಟ್ಟೆಯಲ್ಲಿ ಏನಿತ್ತು ಎಂದು ತಿಳಿಯಬೇಕು.

ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಅದನ್ನು ನೋಡಿ ಮೈದುನನಿಗೆ ಧೈರ್ಯ ಬಂತೇನೋ. ಪೀಣ್ಯದ ಕಡೆ ಒಬ್ಬನಿದ್ದಾನೆ, ಎಂಥ ಸರ್ಟಿಫಿಕೇಟ್ ಬೇಕಾದರೂ ಅಡ್ಜಸ್ಟ್ ಮಾಡಿಕೊಡುತ್ತಾನೆ, ಮೇಲೆ ಹಸಿರು ಚುಕ್ಕೆಯ ಸ್ಟಿಕ್ಕರ್ ಅಂಟಿಸಿದರಾಯಿತು, ಕೊಳ್ಳುವವರಿಗೇನು ಗೊತ್ತಾಗುತ್ತದೆ ಎಂದು ಶುರುಮಾಡಿದ.

"ನಾನು ತಿಳೀದೆ ತಿಂದೆ," ಅಂದರು ಅತ್ತೆ. "ನೀನು ತಿಳ್ದೂ ಮಾರ್ತೀಯಾ?"

ಅತ್ತೆ ಎದ್ದು ನಡುಮಧ್ಯಾಹ್ನ ಇನ್ನೊಂದು ಸಲ ಸ್ನಾನ ಮಾಡಿ ಪೂಜೆಗೆ ಕೂತರು. ನಾನು ಫ್ರಿಜ್ ಖಾಲಿ ಮಾಡಿ ಉಪ್ಪುನೀರಿನಲ್ಲಿ ಒರೆಸಿದೆ. ತುರಿಯುವ ಮಣೆ ಕೆಲಸದವಳಿಗೂ ಬೇಡವಾಗಿ ಕಸಕ್ಕೆ ಹೋಯಿತು.

ಪೂಜೆಯ ಗಂಟೆ ಕೇಳಿಸುತ್ತಿದ್ದಾಗಲೇ ಮೈದುನ ಏಜೆಂಟನಿಗೆ ಫೋನ್ ಮಾಡಿ, "ಚೀಸ್ ಬೇಡ ಬಿಡಿ ಸಾರ್, ಟೊಮೆಟೊಗೆ ಏನೇನ್ ಬೇಕು ಹೇಳಿ," ಅಂದ. ಟೊಮೆಟೊಗೆ ಜಠರವಿಲ್ಲ ಎಂಬ ಧೈರ್ಯ ಇರಬೇಕು.

ಉಳಿದ ತುಂಡನ್ನು ದೂರ ಎಸೆದು ಬರುತ್ತೇನೆಂದು ಕವರಿನಲ್ಲಿ ಹಾಕಿಕೊಂಡು ಹೋದವನ ಕಾರು ಗೇಟಿನ ಮುಂದಿನಿಂದ ಕದಲಲೇ ಇಲ್ಲ. ಗಾಜು ಏರಿಸಿತ್ತು, ಒಳಗೆ ದವಡೆ ಆಡುತ್ತಿತ್ತು. ಪೂಜೆ ಮುಗಿಸಿದ ಅತ್ತೆ ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದರು.

"ರಾತ್ರಿ ಅವನ್ನ ಊಟಕ್ಕೆ ಕರೀಬ್ಯಾಡ," ಅಂದರು. "ಹೊಟ್ಟೆ ತುಂಬಿರ್ತತಿ."