ಸಿಂಚನಾ ಲಗ್ಗೆರೆಯಲ್ಲಿ ಉಳಿದ ನಾಲ್ಕು ದಿನ

ಕಳೆದ ಶ್ರಾವಣದ ಒಂದು ಮಧ್ಯಾಹ್ನ ಬಸವೇಶ್ವರನಗರದಿಂದ ವಿಜಯನಗರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಪ್ರಜ್ಞೆ ತಪ್ಪಿ ಬಿದ್ದೆ. ಹೊಸಹಳ್ಳಿ ಮೆಟ್ರೊ ಸ್ಟೇಷನ್ ಹತ್ತಿರ ಬಸ್ಸು ನಿಂತದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಕಂಡಕ್ಟರ್ ಹೆಣ್ಣುಮಗಳು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ನನ್ನ ಮಗಳೆಲ್ಲಿ ಎಂದು ಕೇಳಿದೆ. ಅವಳು ಪಕ್ಕದಲ್ಲೇ ಬಸ್ಸಿನ ನೆಲದ ಮೇಲೆ ಕೂತು, ನನ್ನ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ಯಾರು ಎಬ್ಬಿಸಿದರೂ ಏಳಲಿಲ್ಲವಂತೆ.

ಸೋಮವಾರದ ಪ್ರಾರ್ಥನೆಗೆ ಕೂಡುವ ನಮ್ಮ ಬಳಗದ ಹಿರಿಯರಿಗೆ, ಅಕ್ಕ-ತಂಗಿಯರಿಗೆ ಶರಣು. ಶಿವನು ನನ್ನ ಕೈ ಹಿಡಿದದ್ದು ಆ ಬಸ್ಸಿನ ನೆಲದಿಂದಲೇ ಎಂದು ಈಗ ನನಗೆ ಖಚಿತವಾಗಿದೆ. ಆವತ್ತು ಮಾತ್ರ ಹಾಗೆ ಅನ್ನಿಸಿರಲಿಲ್ಲ.

ನನ್ನ ಮಗಳು ಸಿಂಚನಾಗೆ ಹದಿಮೂರು ವರ್ಷ. ಆಟಿಸಂ ಇದೆ ಎಂದು ಗೊತ್ತಾದದ್ದು ಮೂರರಲ್ಲಿ. ನಾಲ್ಕಾರು ಪದ ಬಿಟ್ಟರೆ ಮಾತಿಲ್ಲ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಕೂಗುತ್ತಾಳೆ. ಊಟ ಅದೇ ಸ್ಟೀಲ್ ತಟ್ಟೆಯಲ್ಲಿ, ಅನ್ನ ಒಂದು ಕಡೆ, ಮೊಸರು ಇನ್ನೊಂದು ಕಡೆ. ಎರಡನ್ನೂ ಕಲಸಿಟ್ಟರೆ ಮುಟ್ಟುವುದಿಲ್ಲ. ನಮ್ಮ ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದಾರೆ. ಹಾವೇರಿಗೆ ವರ್ಗವಾಗಿ ಎರಡು ವರ್ಷವಾಯಿತು, ಶನಿವಾರ ಬಂದು ಭಾನುವಾರ ಹೊರಡುತ್ತಾರೆ. ಹೀಗಾಗಿ ಮನೆಯಲ್ಲಿ ನಾನು, ಅವಳು, ಇಬ್ಬರೇ. ವಾರಕ್ಕೆ ಮೂರು ದಿನ ವಿಜಯನಗರದ ವಿಶೇಷ ಮಕ್ಕಳ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಒಂದು ಬೇಕರಿಯ ಮೇಲೆ, ಎರಡನೆಯ ಮಹಡಿಯಲ್ಲಿ ಅದು ಇದೆ.

ನನಗೆ ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದು ರಾಜಾಜಿನಗರದ ಆಸ್ಪತ್ರೆಯ ಡಾಕ್ಟರು ಹೇಳಿ ಒಂದೂವರೆ ವರ್ಷವಾಗಿತ್ತು. ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ನಾನೇ ಬೇಡವೆಂದಿದ್ದೆ. ಬಸ್ಸಿನಲ್ಲಿ ಬಿದ್ದ ಮರುದಿನ ಆ ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿಯನ್ನು ನನ್ನ ಮುಂದಿಟ್ಟು ನಿಧಾನವಾಗಿ ಹೇಳಿದರು.

"ನೋಡಿಮ್ಮ, ನಿಮ್ಮ ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧ ಇದೆ. ಮುಂದಿನ ಸಲ ಬಸ್ಸಲ್ಲಿ ಬೀಳಲ್ಲ, ರಸ್ತೆ ದಾಟುವಾಗ ಬೀಳ್ತೀರಿ. ಆಗ ಮಗಳ ಕೈ ಯಾರು ಹಿಡ್ಕೊಂಡಿರ್ತಾರೆ?"

ನಾಲ್ಕು ದಿನ ಆಸ್ಪತ್ರೆ, ಆಮೇಲೆ ಆರು ವಾರ ಭಾರ ಎತ್ತುವಂತಿಲ್ಲ ಎಂದರು. ಆ ನಾಲ್ಕು ದಿನ ಸಿಂಚನಾಳನ್ನು ಎಲ್ಲಿ ಬಿಡುವುದು? ದಾವಣಗೆರೆಯಲ್ಲಿ ನನ್ನ ಅಣ್ಣನಿದ್ದಾನೆ. ಹಿಂದೊಮ್ಮೆ ಎರಡು ದಿನ ಅಲ್ಲಿ ಬಿಟ್ಟಾಗ ಇವಳು ಒಂದು ತುತ್ತೂ ಉಣ್ಣದೆ ಕೈ ಕಚ್ಚಿಕೊಂಡು ಗಾಯ ಮಾಡಿಕೊಂಡಿದ್ದಳು. ಅತ್ತಿಗೆ ಒಳ್ಳೆಯವಳೇ, ಆದರೆ ಮತ್ತೆ ಆಗುವುದಿಲ್ಲ ಎಂದು ಅತ್ತುಬಿಟ್ಟಳು. ಊರಲ್ಲಿರುವ ನಮ್ಮ ಅತ್ತೆಗೆ ಎದ್ದು ಕೂರಲೂ ಯಾರಾದರೂ ಬೇಕು.

ಹಾಗಾದರೆ ತಂದೆ ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಇಲ್ಲಿ ಮುಚ್ಚುಮರೆಯಿಲ್ಲದೆ ಬರೆಯಬೇಕು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಕೇಳಿಯೇ ಬೆಳೆದವಳು ನಾನು, ಆದರೂ ಈ ಸಾಲು ಬರೆಯುವಾಗ ಕೈ ಹಿಂಜರಿಯಿತು. ಸಿಂಚನಾ ದೊಡ್ಡವಳಾಗಿ ಒಂದು ವರ್ಷವಾಗಿತ್ತು. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸುವುದು, ತೊಳೆಯುವುದು ಎಲ್ಲ ನಾನೇ. ಎಷ್ಟು ಸಲ ಹೇಳಿಕೊಟ್ಟರೂ ಅವಳು ಕಿತ್ತು ಎಸೆಯುತ್ತಿದ್ದಳು. ಅದರ ಮೇಲೆ ಬಚ್ಚಲಿಗೆ ಗಂಡಸರು ಯಾರೂ ಬರಕೂಡದು, ಅಪ್ಪನೂ ಬರಕೂಡದು ಎಂದು ಚಿತ್ರದ ಕಾರ್ಡು ತೋರಿಸಿ ಅವಳಿಗೆ ಕಲಿಸಿದವಳು ನಾನೇ. ಮಾತು ಬಾರದ ಹುಡುಗಿಗೆ ಅದು ಬೇಕಾದ ಪಾಠ. ಅವಳು ಕಲಿತ ಪಾಠ ಬಿಡುವವಳಲ್ಲ. ಯಜಮಾನರು ಬಚ್ಚಲ ಬಾಗಿಲ ಹತ್ತಿರ ಬಂದರೂ ಸಾಕು, ಕಿರುಚುತ್ತಿದ್ದಳು.

ಆ ವಾರ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗ ನಾನು ಕೇಳಿಕೊಂಡದ್ದನ್ನು ಹೇಳಿಬಿಡುತ್ತೇನೆ. ನನಗಿಂತ ಒಂದು ದಿನ ಮೊದಲು ಅವಳನ್ನು ಕರೆದುಕೋ ತಂದೆ ಎಂದೆ. ಹೆತ್ತವಳು ಕೇಳುವ ಮಾತೇ ಇದು? ಆದರೆ ಇಂಥ ಮಕ್ಕಳ ತಾಯಂದಿರಲ್ಲಿ ಅದನ್ನು ಒಮ್ಮೆಯೂ ಕೇಳದವರು ಕಡಿಮೆ. ಅಂದು ವಿಭೂತಿ ಹಚ್ಚಿಕೊಳ್ಳುವುದನ್ನೂ ಮರೆತು ಎದ್ದೆ.

ಕೇಂದ್ರದಲ್ಲಿ ಶೈಲಜಾ ಎಂಬ ಟೀಚರ್ ಇದ್ದಾರೆ. ಮಕ್ಕಳ ಕ್ಲಾಸು ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು ವಿಷಯ ಕೇಳಿದರು. ನಾನು ಅತ್ತುಬಿಟ್ಟೆ. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಕಪಾಟಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಸಿಂಚನಾಳನ್ನು ನೋಡೇ ಇಲ್ಲದವರು ಓದಿ ಅವಳನ್ನು ಒಂದು ದಿನ ನೋಡಿಕೊಳ್ಳುವ ಹಾಗೆ ಎಲ್ಲವನ್ನೂ ಬರೆಯಿರಿ ಎಂದರು. ನನಗೆ ಸಿಟ್ಟೇ ಬಂತು. ನಾನು ಆಸರೆ ಕೇಳಿದರೆ ಇವರು ಹೋಂವರ್ಕ್ ಕೊಡುತ್ತಿದ್ದಾರಲ್ಲ ಎಂದುಕೊಂಡೆ.

ಆದರೂ ಬರೆದೆ. ತಟ್ಟೆಯ ವಿಷಯ, ಮಿಕ್ಸಿಯ ವಿಷಯ, ತಲೆ ಬಾಚುವಾಗ ಬಲಗಡೆಯಿಂದ ಶುರುಮಾಡಬೇಕು ಎನ್ನುವುದು, ಹೊಟ್ಟೆ ನೋವು ಬಂದರೆ ಕಿವಿ ಎಳೆದುಕೊಳ್ಳುತ್ತಾಳೆ ಎನ್ನುವುದು. ಬರೆಯುತ್ತಾ ಬರೆಯುತ್ತಾ ಮೂವತ್ತು ಪುಟ ದಾಟಿತು. ಒಂದು ವಿಷಯ ಹೊಳೆದು ಕೈ ನಿಂತಿತು. ಇಷ್ಟು ದಿನ ಇದನ್ನು ನಾನು ಯಾರಿಗೂ ಹೇಳಿರಲೇ ಇಲ್ಲ. ಯಾರಿಗೂ ಆಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೆ.

ಶನಿವಾರಗಳಂದು ಕೇಂದ್ರದಲ್ಲಿ ತಾಯಂದಿರು ಸೇರುತ್ತಾರೆ. ನಾಲ್ಕು ವರ್ಷದಿಂದ ನಾನು ಒಂದಲ್ಲ ಒಂದು ನೆಪ ಹೇಳಿ ಹೋಗಿರಲಿಲ್ಲ. ಈ ಸಲ ಟೀಚರ್ ಬಿಡಲಿಲ್ಲ. ಏಳೆಂಟು ಜನ ಜಮಖಾನೆಯ ಮೇಲೆ ಕೂತಿದ್ದರು. ಅವರ ಎದುರು ನನ್ನ ಕಷ್ಟ ಹೇಳಿ, ನೋಟ್‌ಬುಕ್ ಓದಿದೆ. ಮುಟ್ಟಿನ ಪುಟ ಬಂದಾಗ ದನಿ ಇಳಿಯಿತು. ಓದಿ ಮುಗಿಸಿದ ಮೇಲೆ ಮೊದಲು ಮಾತಾಡಿದವರು ಲಗ್ಗೆರೆಯ ರತ್ನಮ್ಮ.

"ನಾನು ಇಟ್ಕೊತೀನಿ ಅಕ್ಕ. ನಮ್ಮನೇಲಿ ಹೆಣ್ಮಕ್ಕಳೇ ಇರೋದು."

ನಾನು ತಲೆ ಎತ್ತಲಿಲ್ಲ. ಅದಕ್ಕೆ ಕಾರಣವಿತ್ತು. ರತ್ನಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಗಂಡ ತೀರಿಕೊಂಡಿದ್ದಾರೆ. ಮಗಳು ಪವಿತ್ರಾಗೆ ಹದಿನಾರು, ಡೌನ್ ಸಿಂಡ್ರೋಮ್ ಇದೆ. ಎರಡು ವರ್ಷದ ಹಿಂದೆ ಅಂಗವಿಕಲರ ಕಾರ್ಡಿನ ಕೆಲಸಕ್ಕೆ ಹೋಗಬೇಕು, ಒಂದು ಗಂಟೆ ಪವಿತ್ರಾಳನ್ನು ನೋಡಿಕೊಳ್ಳಿ ಎಂದು ಅವರು ನನ್ನನ್ನು ಕೇಳಿದ್ದರು. ನನ್ನದೇ ನನಗೆ ಸಾಕಾಗಿದೆ ಎಂದು ಮುಖ ತಿರುಗಿಸಿದ್ದೆ. ಪವಿತ್ರಾ ಕಂಡಕಂಡವರನ್ನೆಲ್ಲ ತಬ್ಬಿಕೊಳ್ಳುತ್ತಾಳೆ, ಅದು ನನಗೆ ಸೇರುತ್ತಿರಲಿಲ್ಲ. ಅವರು ಲಗ್ಗೆರೆಯವರು, ನಾವು ಬಸವೇಶ್ವರನಗರದವರು ಎಂಬ ಸಣ್ಣತನವೂ ಒಳಗಿತ್ತು. ದಿನಾ ಲಿಂಗಪೂಜೆ ಮಾಡುವವಳ ಮನಸ್ಸಿನಲ್ಲಿ ಇಂಥದ್ದು ಇತ್ತು.

ಸಭೆ ಮುಗಿದ ಮೇಲೆ ಮೆಟ್ಟಿಲಲ್ಲಿ ಅವರನ್ನು ನಿಲ್ಲಿಸಿ ಆವತ್ತಿನದಕ್ಕೆ ಕ್ಷಮೆ ಕೇಳಿದೆ. ರತ್ನಮ್ಮ ನೆನಪಿಲ್ಲ ಎಂದು ಸುಳ್ಳು ಹೇಳಲಿಲ್ಲ.

"ಬೇಜಾರಾಗಿತ್ತು ಗಿರಿಜಕ್ಕ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮನ್ನ ನೋಡ್ದಾಗೆಲ್ಲ ಈಯಮ್ಮಂಗೆ ಯಾರೂ ಇಲ್ಲ ಅನ್ಸೋದು. ನಂಗೆ ನಮ್ಮವ್ವ ಇದ್ದಾಳೆ."

ಶೈಲಜಾ ಟೀಚರ್ ಅವಸರಪಡಲಿಲ್ಲ. ಒಂದೇ ಸಲ ನಾಲ್ಕು ದಿನ ಬಿಟ್ಟರೆ ದಾವಣಗೆರೆಯಲ್ಲಿ ಆದದ್ದೇ ಆಗುತ್ತದೆ ಎಂದರು. ಡಾಕ್ಟರಮ್ಮನನ್ನು ಕೇಳಿ ಒಂದು ತಿಂಗಳ ಕಾಲಾವಕಾಶ ಪಡೆದೆ. ಅಷ್ಟರಲ್ಲಿ ರಕ್ತ ಏರಲು ಇಂಜೆಕ್ಷನ್ ಕೊಟ್ಟರು. ಮೊದಲ ವಾರ ರತ್ನಮ್ಮನೇ ಪವಿತ್ರಾಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಎರಡನೆಯ ವಾರ ನಾನು ಸಿಂಚನಾಳ ಜೊತೆ ಲಗ್ಗೆರೆಗೆ ಹೋಗಿ ಒಂದು ಗಂಟೆ ಕೂತೆ. ಮೂರನೆಯ ವಾರ ಅವಳ ತಟ್ಟೆಯೊಂದಿಗೆ ಅವಳನ್ನು ಅಲ್ಲಿ ಬಿಟ್ಟು, ಮಧ್ಯಾಹ್ನದ ಊಟ ಆಗುವ ತನಕ ಬೀದಿಯ ಕೊನೆಯಲ್ಲಿ ನಿಂತಿದ್ದೆ. ಕೂಗು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟೇ ಇದ್ದೆ. ಕೇಳಿಸಿದ್ದು ಹೊಲಿಗೆ ಮಿಷನ್ನಿನ ಸದ್ದು. ಒಳಗೆ ಹೋಗಿ ನೋಡಿದರೆ, ಮಿಕ್ಸಿಗೆ ಅಷ್ಟು ಹೆದರುವವಳು ಆ ಮಿಷನ್ನಿನ ಚಕ್ರದ ಎದುರು ಕೂತು, ಅದು ತಿರುಗುವುದನ್ನೇ ನೋಡುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ನಾನು ಬರೆಯದೇ ಇದ್ದ ಮೊದಲ ವಿಷಯ ಅದು. ನನಗೂ ಗೊತ್ತಿರಲಿಲ್ಲ.

ಆಪರೇಷನ್ ದಿನ ಯಜಮಾನರು ರಜೆ ಹಾಕಿ ಬಂದರು. ಸಿಂಚನಾಳನ್ನು ಲಗ್ಗೆರೆಯಲ್ಲಿ ಬಿಟ್ಟು ಆಸ್ಪತ್ರೆಗೆ ಹೋದೆವು. ಕೊರಳಲ್ಲಿ ಏನೂ ಇರಬಾರದು ಎಂದು ನರ್ಸ್ ಹೇಳಿದಾಗ ಲಿಂಗವಿರುವ ಕರಡಿಗೆಯನ್ನು ಬಿಚ್ಚಿ ಯಜಮಾನರ ಅಂಗೈಗೆ ಕೊಟ್ಟೆ. ಸ್ಟ್ರೆಚರ್ ಒಳಗೆ ಹೋಗುವಾಗ ನಾನು ಬೇಡಿದ್ದು ಒಂದೇ. ಅವಳು ಉಣ್ಣಲಿ, ಅಷ್ಟೇ. ಬದುಕಿಸು ಎನ್ನುವುದಕ್ಕೂ ಮನಸ್ಸಾಗಲಿಲ್ಲ. ಅದನ್ನು ಶಿವನೇ ನೋಡಿಕೊಳ್ಳುತ್ತಾನೆ ಎಂಬ ಧೈರ್ಯ ಎಲ್ಲಿಂದಲೋ ಬಂದಿತ್ತು.

ಆಪರೇಷನ್ ಸುಸೂತ್ರವಾಗಿ ಆಯಿತು. ಎರಡನೆಯ ದಿನ ರತ್ನಮ್ಮನ ಫೋನ್ ಬಂತು. ಯಜಮಾನರು ಫೋನನ್ನು ನನ್ನ ಕಿವಿಗೆ ಹಿಡಿದರು. ಸಿಂಚನಾ ಊಟ ಮಾಡಿದಳು, ನಿದ್ದೆ ಮಾಡಿದಳು ಎಂದು ಮೊದಲು ತಿಳಿಸಿದರು. ಆಮೇಲೆ ಅವಳಿಗೆ ಆ ಬೆಳಿಗ್ಗೆಯೇ ಮುಟ್ಟಾಗಿದೆ ಎಂದರು. ಲೆಕ್ಕದಂತೆ ಇನ್ನೂ ಒಂದು ವಾರವಿತ್ತು. ಈಗಲೇ ಡಿಸ್ಚಾರ್ಜ್ ಮಾಡಿಸಿ ಎಂದು ಯಜಮಾನರತ್ತ ನೋಡಿದೆ. ಅಷ್ಟರಲ್ಲಿ ರತ್ನಮ್ಮನೇ ಮುಂದುವರಿಸಿದರು.

"ಗಾಬರಿ ಆಗ್ಬೇಡಿ, ಪೂರ್ತಿ ಕೇಳಿ. ಪವಿ ಅವಳ ಕೈ ಹಿಡ್ಕೊಂಡು ಬಚ್ಚಲಿಗೆ ಹೋದ್ಳು. ಪ್ಯಾಡನ್ನ ತನ್ನ ಬಟ್ಟೆ ಮೇಲೇ ಇಟ್ಟು ಹಿಂಗೆ ಹಿಂಗೆ ಅಂತ ತೋರಿಸಿದ್ಳು. ನಾನು ಬಾಗಿಲ ಆಚೆ ನಿಂತಿದ್ದೆ ಅಷ್ಟೇ. ನಿಮ್ಮ ಮಗಳು ಅವಳೇ ಹಾಕ್ಕೊಂಡ್ಳು, ಕಿತ್ತು ಹಾಕ್ಲಿಲ್ಲ. ಕೈ ತೊಳ್ಕೊಂಡು ಬಂದು ಮಿಷನ್ ಮುಂದೆ ಕೂತವ್ಳೆ."

ಹಿಂದಿನಿಂದ ಪವಿತ್ರಾ ಫೋನ್ ಕಿತ್ತುಕೊಂಡಳು. ಅವಳ ಮಾತು ಸ್ವಲ್ಪ ತೊದಲು, ಆದರೆ ಆವತ್ತು ನನಗೆ ಒಂದಕ್ಷರವೂ ತಪ್ಪದೆ ತಿಳಿಯಿತು.

"ಆಂಟಿ, ನಾನು ಹೇಳ್ಕೊಟ್ಟೆ."

ಹೊಟ್ಟೆಯ ಹೊಲಿಗೆ ನೋಯುತ್ತಿದ್ದರೂ ಅಳು ತಡೆಯಲಾಗಲಿಲ್ಲ. ಒಂದು ವರ್ಷ ನಾನು, ಟೀಚರ್, ಚಿತ್ರದ ಕಾರ್ಡುಗಳು, ಎಲ್ಲ ಸೇರಿ ಕಲಿಸಲಾಗದ್ದನ್ನು ಆ ಹುಡುಗಿ ಕಲಿಸಿದ್ದಳು. ಯಾರ ತಬ್ಬುಗೆಯನ್ನು ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದೆನೋ ಆ ಹುಡುಗಿ. ಆಮೇಲೆ ಟೀಚರನ್ನು ಕೇಳಿದರೆ, ದೊಡ್ಡವರು ಹೇಳಿದ್ದಕ್ಕಿಂತ ಜೊತೆಯ ಹುಡುಗಿಯರು ಮಾಡಿದ್ದನ್ನು ನೋಡಿ ಕೆಲವು ಮಕ್ಕಳು ಬೇಗ ಕಲಿಯುತ್ತಾರೆ ಎಂದರು. ಇರಬಹುದು, ಅವರು ಓದಿಕೊಂಡವರು. ಆದರೆ ಅವಳ ಮುಟ್ಟು ಒಂದು ವಾರ ಮುಂಚೆ, ಸರಿಯಾಗಿ ಪವಿತ್ರಾ ಪಕ್ಕದಲ್ಲಿದ್ದ ದಿನವೇ ಆದದ್ದು ಯಾರ ಕೆಲಸ? ನಾನು ಮನೆಯಲ್ಲಿದ್ದಿದ್ದರೆ ಆ ದಿನವೂ ನಾನೇ ಮಾಡಿಬಿಡುತ್ತಿದ್ದೆ. ನನ್ನನ್ನು ಹಾಸಿಗೆಗೆ ಹಾಕಿ ಶಿವನು ನನ್ನ ಮಗಳಿಗೆ ದಾರಿ ಬಿಡಿಸಿದ ಎಂದೇ ನಾನು ನಂಬಿದ್ದೇನೆ.

ನಾಲ್ಕು ದಿನವಾದ ಮೇಲೆ ಮನೆಗೆ ಬಂದೆ. ಸಂಜೆ ರತ್ನಮ್ಮ ಸಿಂಚನಾಳನ್ನು ಕರೆತಂದರು. ಅವಳು ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದೇನೂ ನಾನು ಎಣಿಸಿರಲಿಲ್ಲ. ಹತ್ತಿರ ಬಂದು ನನ್ನ ಸೆರಗು ಮೂಸಿದಳು. ಆಸ್ಪತ್ರೆಯ ವಾಸನೆಗೆ ಮುಖ ಸಿಂಡರಿಸಿದಳು. ಪಕ್ಕದಲ್ಲಿ ಕೂತಳು. ಮರುದಿನ ಬೆಳಿಗ್ಗೆ ತನ್ನ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲ ಬಳಿ ನಿಂತಳು. ಏನು ಬೇಕಮ್ಮ ಎಂದು ಕೇಳಿದೆ.

"ಲಗ್ಗೆರೆ" ಎಂದಳು.

ಅವಳ ಬಾಯಿಂದ ಆ ಪದ ನಾವು ಯಾರೂ ಕೇಳಿರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ನನಗೆ ನೋವಾಗುತ್ತದೆ ಎಂದುಕೊಂಡಿರಬೇಕು. ಸ್ವಲ್ಪ ಆಯಿತು, ನಿಜ. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ಬಿಟ್ಟು ಇನ್ನೊಂದು ಕಡೆ ಹೋಗಬೇಕು ಎಂದಿದ್ದಳು. ಆದರೆ ನೋವಿಗಿಂತ ದೊಡ್ಡದಾದ ಒಂದು ನೆಮ್ಮದಿ ಮೈಯೆಲ್ಲ ಹರಡಿತು. ನಾನಿಲ್ಲದ ಕಡೆಯೂ ನನ್ನ ಮಗಳಿಗೆ ಜಾಗವಿದೆ. ಅಂದಿನಿಂದ ಪೂಜೆಯಲ್ಲಿ ನಾನು ಅವಳ ಸಾವನ್ನಾಗಲಿ ನನ್ನ ಸಾವನ್ನಾಗಲಿ ಕೇಳಿಲ್ಲ. ಕೇಳಬೇಕು ಎಂದೂ ಅನ್ನಿಸಿಲ್ಲ.

ಈಗ ನಮ್ಮ ಕೇಂದ್ರದಲ್ಲಿ ಪ್ರತಿಯೊಬ್ಬ ತಾಯಿಯೂ ಅಂಥ ಒಂದು ನೋಟ್‌ಬುಕ್ ಬರೆದಿಟ್ಟಿದ್ದಾಳೆ. ಕೆಂಗೇರಿಯ ಒಬ್ಬರು ತಂಗಿಯ ಮದುವೆಗೆ ಹೋಗಿಬಂದರು, ಮಗನನ್ನು ಬಿನ್ನಿಪೇಟೆಯವರು ಇಟ್ಟುಕೊಂಡಿದ್ದರು. ಮದುವೆಮನೆಯಲ್ಲಿ ಕೂತು ಊಟ ಮಾಡಿ ಒಂಬತ್ತು ವರ್ಷವಾಗಿತ್ತಂತೆ ಅವರಿಗೆ. ರತ್ನಮ್ಮನಿಗೆ ಮದುವೆ ಸೀಸನ್ನಿನಲ್ಲಿ ಕೆಲಸ ಹೆಚ್ಚು, ಆ ದಿನಗಳಲ್ಲಿ ಪವಿತ್ರಾ ನಮ್ಮ ಮನೆಯಲ್ಲಿ. ಬರುತ್ತಲೇ ತಬ್ಬಿಕೊಳ್ಳುತ್ತಾಳೆ, ಈಗ ನಾನೂ ತಬ್ಬಿಕೊಳ್ಳುತ್ತೇನೆ. ಸಿಂಚನಾಳಿಗೆ ಮಾತು ಬಂದುಬಿಟ್ಟಿತು ಎಂದು ಸುಳ್ಳು ಬರೆಯುವುದಿಲ್ಲ. ಮಿಕ್ಸಿಗೆ ಇನ್ನೂ ಕಿವಿ ಮುಚ್ಚುತ್ತಾಳೆ, ಕೆಟ್ಟ ದಿನಗಳು ಇವೆ.

ನಮ್ಮ ಬಳಗದಲ್ಲಿ, ಇಲ್ಲವೆ ನಿಮ್ಮ ಅಕ್ಕಪಕ್ಕದ ಮನೆಯಲ್ಲಿ, ಇಂಥ ಮಗುವನ್ನು ಒಳಗೇ ಇಟ್ಟುಕೊಂಡು ಒಬ್ಬಳೇ ಸವೆಯುತ್ತಿರುವ ತಾಯಿ ಇದ್ದರೆ ಅವಳಿಗೆ ಇದನ್ನು ಓದಿ ಹೇಳಿ. ಸೋಮವಾರದ ಪ್ರಾರ್ಥನೆಗೆ ಮಗುವನ್ನು ಕರೆದುಕೊಂಡೇ ಬರಲಿ. ಮಗು ಕೂಗಿದರೆ ಕೂಗಲಿ, ಯಾರೂ ತಿರುಗಿ ನೋಡದಂತೆ ನೋಡಿಕೊಳ್ಳುವ ಹೊಣೆ ನನ್ನದು. ಆಮೇಲೆ ಶನಿವಾರ ವಿಜಯನಗರಕ್ಕೆ ಅವಳನ್ನು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ. ನನ್ನನ್ನು ಎತ್ತಿ ನಿಲ್ಲಿಸಿದ ಶಿವನಿಗೆ ನಾನು ಬೇರೆ ಯಾವ ಹರಕೆಯನ್ನೂ ಹೊತ್ತಿಲ್ಲ. ಇದೇ ನನ್ನ ಸೇವೆ. ಕೈಯಲ್ಲಿ ಶಕ್ತಿಯಿರುವ ತನಕ ಇದನ್ನು ತಪ್ಪಿಸುವುದಿಲ್ಲ.

ನಿಮ್ಮ ತಂಗಿ,
ಗಿರಿಜಾ
ಬಸವೇಶ್ವರನಗರ