ಬೈಸಿಕೊಳ್ಳಲು ಊರಿಗೆ ಬಂದ ನಟಿ

ನಮ್ಮ ಶಿರೂರಿನ ದಾನಮ್ಮನ ಬಗ್ಗೆ ಪತ್ರಿಕೆಯವರು ಬರೆದದ್ದನ್ನೆಲ್ಲ ಓದಿದ್ದೇನೆ. ಓದಿ ಮೈ ಉರಿದಿದೆ. ಒಬ್ಬರು ಬಾದಾಮಿಯ ಬೆಡಗಿ ಎಂದರು. ಇನ್ನೊಬ್ಬರು ಇಳಕಲ್ಲಿನ ನೇಕಾರರ ಮಗಳು ಎಂದರು, ಅವಳು ಇಳಕಲ್ ಸೀರೆ ಉಟ್ಟು ಫೋಟೊ ತೆಗೆಸಿಕೊಂಡದ್ದೇ ಅದಕ್ಕೆ ಆಧಾರ! ಅವಳು ಕುರಿ ಕಾಯುವ ಬೀರಲಿಂಗಪ್ಪನ ಮಗಳು. ನಾನು ಫರಹಾನಾ, ಮೂರನೇ ಇಯತ್ತೆಯವರೆಗೆ ಅವಳ ಜೊತೆ ಒಂದೇ ತಟ್ಟಿನ ಮೇಲೆ ಕುಳಿತು ಕಲಿತವಳು, ಈಗ ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅವಳನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದರೆ ಬರಲಿ, ನೋಡೋಣ.

ದಾನಮ್ಮ ಹುಟ್ಟಿದ ವಾರದಲ್ಲೇ ತಾಯಿ ತೀರಿಕೊಂಡಳು. ಸಾಕಿದ್ದು ಅಜ್ಜಿ ಹನಮವ್ವ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಈ ಆಯಿಯ ಬಾಯಿಗೆ ಊರೇ ಹೆದರುತ್ತಿತ್ತು. ಅವಳ ಬೈಗುಳ ಕೇಳಿ ಬಸ್ಸಿನ ಡ್ರೈವರ್ ಹಿಂದಕ್ಕೆ ಗಾಡಿ ತೆಗೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಎಷ್ಟು ಬೈಯುತ್ತಿದ್ದಳೋ ಅಷ್ಟೇ ಉಣ್ಣಿಸುತ್ತಿದ್ದಳು, ನನಗೂ.

ನಮಗೆ ಎಂಟು ವರ್ಷವಾಗಿದ್ದಾಗ ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಒಂದು ಸಿನಿಮಾದ ಶೂಟಿಂಗ್ ನಡೆದಿತ್ತು. ಬೀರಲಿಂಗಪ್ಪ ಅಲ್ಲೇ ಕುರಿ ಮೇಯಿಸುತ್ತಿದ್ದ. ಪಟ್ಟಣದಿಂದ ಕರೆತಂದ ಹುಡುಗಿಗೆ ಕುರಿಮರಿ ಎತ್ತಿಕೊಳ್ಳಲು ಹೆದರಿಕೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳೂ ಅತ್ತಳು, ಮರಿಯೂ ಅತ್ತಿತು. ಅಪ್ಪನಿಗೆ ಬುತ್ತಿ ತಂದಿದ್ದ ದಾನಮ್ಮನಿಗೆ ತಡೆಯಲಾಗಲಿಲ್ಲ. ಯಾರನ್ನೂ ಕೇಳದೆ ನಡುವೆ ನುಗ್ಗಿ ಮರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು, "ಹಿಂಗ ಹಿಡೀಬೇಕ, ತಿಳೀತಿಲ್ಲೋ?" ಎಂದು ನಿರ್ದೇಶಕರಿಗೇ ಗದರಿದಳು. ಆ ಪಾತ್ರ ಅವಳದಾಯಿತು, ಹೆಸರು ಬೇಬಿ ಮಾಯಾ ಆಯಿತು. ಸೋದರಮಾವ ಲಕ್ಷ್ಮಣ ಬೆಂಗಳೂರಿನಲ್ಲಿ ಪೊಲೀಸ್ ಪೇದೆಯಾಗಿದ್ದ, ಅವನ ಮನೆಯಲ್ಲಿದ್ದು ಒಂಬತ್ತು ಸಿನಿಮಾಗಳಲ್ಲಿ ಬಾಲನಟಿಯಾಗಿ ದುಡಿದಳು.

ಮೊದಲ ಸಿನಿಮಾ ಬಾಗಲಕೋಟೆಗೆ ಬಂದಾಗ ಹನಮವ್ವ ಅರ್ಧ ಊರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿದ್ದಳು. ನಾನೂ ಇದ್ದೆ. ಪರದೆಯ ಮೇಲೆ ದಾನಮ್ಮ ಬಾಯಿ ತೆರೆದದ್ದೇ ತಡ, ಹನಮವ್ವ ಎದ್ದು ನಿಂತಳು.

"ಏ, ಇದು ನಮ್ಮ ಕೂಸಿನ ದನಿ ಅಲ್ಲ! ಯಾರದೋ ದನಿ ತಂದು ಹಚ್ಯಾರಲ್ಲೋ ಇವ್ರು!"

ಖರೆಯೇ. ದಾನಮ್ಮನ ಮಾತು ತೀರ ಉತ್ತರದ್ದು, ತೆರೆಗೆ ಹೊಂದುವುದಿಲ್ಲ ಎಂದು ಬೆಂಗಳೂರಿನ ಬೇರೆ ಹುಡುಗಿಯಿಂದ ಮಾತಾಡಿಸಿದ್ದರು. ಅಂದಿನಿಂದ ಅದೇ ರೂಢಿಯಾಯಿತು. ಬೆಳೆದಳು, ತಂಗಿಯಾದಳು, ಗೆಳತಿಯಾದಳು, ನಾಲ್ಕಾರು ಸಿನಿಮಾಗಳಲ್ಲಿ ನಾಯಕಿಯೂ ಆದಳು. ಅಷ್ಟರಲ್ಲಿ ಬೆಂಗಳೂರಿನ ಮಾತು ನೀರು ಕುಡಿದಂತೆ ಬರುತ್ತಿತ್ತು, ಆದರೂ ದನಿ ದಪ್ಪ ಎಂದು ಬೇರೆಯವರಿಂದಲೇ ಆಡಿಸಿದರು. ಇಪ್ಪತ್ತೇಳು ವರ್ಷ, ಮೂವತ್ತೊಂದು ಸಿನಿಮಾ, ಒಂದರಲ್ಲೂ ಅವಳ ಸ್ವಂತ ಮಾತಿಲ್ಲ. ನನಗಾಗಿದ್ದರೆ ಅವರ ಜುಟ್ಟು ಹಿಡಿಯುತ್ತಿದ್ದೆ. ದಾನಮ್ಮ ಹಾಗಲ್ಲ. "ಆ ಹೆಣ್ಣುಮಕ್ಕಳ ದನಿಯಿಂದಲೇ ನಾನು ಅನ್ನ ತಿಂದಿದ್ದೀನಿ ಕಣೇ" ಎನ್ನುತ್ತಿದ್ದಳು. ಪ್ರತಿ ದೀಪಾವಳಿಗೆ ಅವರಿಗೆ ಸೀರೆ ಕಳಿಸುವುದನ್ನು ಇಂದಿಗೂ ಬಿಟ್ಟಿಲ್ಲ.

ಈ ನಡುವೆ ಹನಮವ್ವನ ಎರಡೂ ಕಣ್ಣು ಹೋದವು. ದವಾಖಾನೆಗೆ ಹೋಗಲು ತಡ ಮಾಡಿದ್ದು ಅವಳೇ, ಯಾರ ಮಾತು ಕೇಳಿದ್ದಾಳೆ ಹೇಳಿ! ಮೊಮ್ಮಗಳ ಸಿನಿಮಾ ಟಿವಿಯಲ್ಲಿ ಬಂದರೆ ಬೀರಲಿಂಗಪ್ಪ ಕರೆಯುತ್ತಿದ್ದ. ಅವಳು ಎದ್ದು ಹೊರಗೆ ಹೋಗುತ್ತಿದ್ದಳು. "ಕಣ್ಣಿದ್ದಾಗ ಮಾರಿ-ಮುಖ ಆದ್ರೂ ಕಾಣ್ತಿತ್ತು. ಈಗ ಅದರಾಗ ನಮ್ಮ ದಾನಿ ಎಲ್ಲಿ ಅದಾಳಪಾ?" ಎನ್ನುತ್ತಿದ್ದಳು. ಫೋನಿನಲ್ಲೂ ಮಾತಾಡಳು, ಅದು ಸುಳ್ಳು ದನಿಯಂತೆ. ದಾನಮ್ಮನೂ ಧಾರಾವಾಹಿಗಳ ಗದ್ದಲದಲ್ಲಿ ಏಳು ವರ್ಷ ಊರಿಗೆ ಬಂದಿರಲಿಲ್ಲ.

ಹೋದ ವರ್ಷ ಅವಳಿಗೊಂದು ಪಾತ್ರ ಸಿಕ್ಕಿತು. ಕೃಷ್ಣೆಯ ದಂಡೆಯ ಹಳ್ಳಿಯ ಸೊಸೆ. ಚಿತ್ರೀಕರಣ ಮುಗಿದ ಮೇಲೆ ಹೊಸ ಹುಡುಗ ನಿರ್ದೇಶಕ ಹೇಳಿದ, "ಇದಕ್ಕೆ ನೀವೇ ಮಾತಾಡಬೇಕು, ನಿಮ್ಮ ಊರಿನ ಮಾತೇ ಬೇಕು." ದಾನಮ್ಮ ಮೈಕಿನ ಮುಂದೆ ನಿಂತಳು. ಮಾತು ಬರಲಿಲ್ಲ! ಬಂದದ್ದೆಲ್ಲ ನಾಟಕದಂತಿತ್ತು. ನಿರ್ಮಾಪಕರು ಹತ್ತು ದಿನ ಕೊಟ್ಟರು. ಆಮೇಲೂ ಬಾರದಿದ್ದರೆ ಎಂದಿನಂತೆ ಬೇರೆಯವರನ್ನು ಕರೆಸುತ್ತೇವೆ ಎಂದರು. ಊರಿನ ಮಾತು ಕಿವಿಗೆ ಬಿದ್ದರೆ ನಾಲಿಗೆಗೂ ಬಂದೀತೆಂದು ಮರುದಿನವೇ ಅವಳು ಶಿರೂರಿಗೆ ಬಂದಳು. ಆಯಿಗೆ ತೊಂಬತ್ತು ಸಮೀಪಿಸಿತ್ತು, ಅವಳಿಗೆ ಸಿನಿಮಾದಲ್ಲಿ ತನ್ನ ದನಿ ಕೇಳಿಸಲು ಇನ್ನೊಂದು ಅವಕಾಶ ಸಿಗುತ್ತದೆಂಬ ನಂಬಿಕೆ ದಾನಮ್ಮನಿಗಿರಲಿಲ್ಲ.

ಈಗ ನಮ್ಮ ಊರವರ ಘನಕಾರ್ಯ ಕೇಳಿ. ಕುರಿಯವರ ಮಗಳು ನಟಿಯಾಗಿ ಬಂದಿದ್ದಾಳೆ, ಮರ್ಯಾದೆ ಕೊಡಬೇಡವೇ? ಎಲ್ಲರೂ ಅವಳ ಮುಂದೆ ಬೆನ್ನು ನೆಟ್ಟಗೆ ಮಾಡಿ ಟಿವಿಯ ಕನ್ನಡ ಶುರು ಮಾಡಿದರು. ಜನ್ಮದಲ್ಲಿ 'ಲೇ' ಬಿಟ್ಟು ಮಾತಾಡದ ಚಹಾದಂಗಡಿಯ ದುರ್ಗಪ್ಪ ಕೈಮುಗಿದು, "ಮೇಡಂ, ತಾವು ಚಹಾ ಸೇವನೆ ಮಾಡುತ್ತೀರಾ?" ಎಂದ. ನಾನಾದರೂ ನೆಟ್ಟಗಿದ್ದೆನೇ? "ನಿನ್ನ ಆಗಮನದಿಂದ ಬಹಳ ಸಂತೋಷವಾಯಿತು" ಎಂದೆ. ಮಾಸ್ತರಿಕೆಯ ಚಟ! ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಾತು ಕೇಳಲು ಬಂದವಳಿಗೆ ಊರಲ್ಲಿ ಒಬ್ಬನೂ ಮಾತು ಕೇಳಿಸಲಿಲ್ಲ.

ಮನೆಯಲ್ಲಿ ಇನ್ನೂ ದೊಡ್ಡ ಪೆಟ್ಟು. "ಅಜ್ಜಿ, ನಾನು ಬಂದಿದ್ದೀನಿ" ಎಂದಳಂತೆ. ಹನಮವ್ವ ಗೋಡೆ ಹಿಡಿದು ಎದ್ದು, "ಬರ್ರಿ, ಕುಂದರ್ರಿ. ಬೆಂಗಳೂರಿಂದ ಬಂದೀರೇನ್ರಿ?" ಎಂದಳು. ಇವಳು ದಾನಿ ಎಂದು ಬೀರಲಿಂಗಪ್ಪ ಹೇಳಿದ. ಮುಖ ಸವರಿ ನೋಡಿ ಒಪ್ಪಿಕೊಂಡಳು, ಆದರೆ 'ರೀ' ಬಿಡಲಿಲ್ಲ. "ದೊಡ್ಡ ಮಂದಿ ಆಗ್ಯಾರ. ನಾವು ಹೆಂಗಂದ್ರ ಹಂಗ ಮಾತಾಡಬಾರ್ದು" ಎಂದಳು. ಸಂಜೆ ದಾನಮ್ಮ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದಳು.

"ಫರಹಾನಾ, ನನ್ನ ಬೆಳೆಸಿದವಳು ನನಗೆ ಬರ್ರಿ ಅಂತಾಳೆ ಕಣೇ. ನಾನು ಯಾರಿಗೋಸ್ಕರ ಬಂದೆ?"

ನಾನು ಚಹಾ ಕೊಟ್ಟೆ.

ಹೀಗೆ ಐದು ದಿನ ಹೋದವು. ಆರನೆಯ ದಿನ ಭಾನುವಾರ. ಆ ದಿನದ ಮೊದಲ ಹಾಲು ಕುಲದೇವರಾದ ಬೀರಪ್ಪನಿಗೆ ಹೋಗಬೇಕು, ಅದು ಆ ಮನೆಯ ಪದ್ಧತಿ. ಹಾಲು ಹಿಂಡುವವರೆಗೆ ಆಡಿನ ಮರಿಗಳು ತಾಯಿಯ ಹತ್ತಿರ ಹೋಗದಂತೆ ದೊಡ್ಡ ಬುಟ್ಟಿಯಡಿ ಮುಚ್ಚಿಡುತ್ತಾರೆ. ನಾನು ಅಂದು ಬೆಳಗ್ಗೆ ಅಲ್ಲೇ ಇದ್ದೆ. ಮರಿಗಳು ಅರಚುವುದನ್ನು ಕೇಳಲಾರದೆ ದಾನಮ್ಮ ಬುಟ್ಟಿ ಎತ್ತಿಬಿಟ್ಟಳು. ಪದ್ಧತಿ ಮರೆತೇ ಹೋಗಿತ್ತು ಅವಳಿಗೆ. ನಾನು ಬೇಡ ಎನ್ನುವಷ್ಟರಲ್ಲಿ ಮರಿಗಳು ಮೊಲೆಗೆ ಬಿದ್ದು ಬರಿದು ಮಾಡಿದವು.

ಹನಮವ್ವ ತಂಬಿಗೆ ಹಿಡಿದು ತಡವರಿಸುತ್ತ ಬಂದು ಕುಳಿತಳು. ಒಂದು ಆಡಿನ ಕೆಚ್ಚಲು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ತಂಬಿಗೆ ಎಸೆದಳು.

"ಯಾವ ಮೂಳಿ ಬುಟ್ಟಿ ತಗದಾಕಿ? ಕಣ್ಣು ನನಗ ಹೋಗ್ಯಾವೋ ನಿನಗ ಹೋಗ್ಯಾವೋ? ಇವತ್ತ ಬೀರಪ್ಪಗ ಏನ ನಿನ್ನ ಕಣ್ಣೀರ ಕುಡಸ್ಲೇನ? ಹಡದಾಕಿ ಇಲ್ಲಂತ ಎದಿ ಮ್ಯಾಲ ಹಾಕ್ಕೊಂಡ ಸಾಕೀನಿ, ಇಷ್ಟು ಬುದ್ಧಿ ಕಲೀಲಿಲ್ಲಲ್ಲ ನೀ!"

ದಾನಮ್ಮ ಕೆರಳಿದಳು. "ಸುಮ್ನಿರ ಆಯಿ! ಹಸದು ಚೀರಾಕ ಹತ್ತಿದ್ವು, ಕೇಳಿ ನನಗ ತಡೀಲಿಲ್ಲ. ಏನ ಮಾಡ್ಲಿ? ಹೊಡಿ ಬೇಕಾದ್ರ, ಬಾ, ಇಲ್ಲೇ ನಿಂತೇನಿ!"

ಹನಮವ್ವ ಬಾಯಿ ಮುಚ್ಚಿದಳು. ಆ ಬಾಯಿ ತಾನಾಗಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೈ ಚಾಚಿ ಗಾಳಿಯಲ್ಲಿ ಹುಡುಕಿದಳು.

"ದಾನೀ? ಯಾವಾಗ ಬಂದೆವ್ವಾ ನೀ?"

ಅಯ್ಯೋ, ಆ ಇಬ್ಬರೂ ಅತ್ತದ್ದೇನು! ನಾನೂ ಸೆರಗಿನಿಂದ ಮೂಗು ಒರೆಸಿಕೊಂಡೆ. ಆ ವಾರ ಬೀರಪ್ಪನಿಗೆ ಪಕ್ಕದ ಮನೆಯ ಹಾಲು ಹೋಯಿತು. ದೇವರು ಮುನಿಯಲಿಲ್ಲ, ನನಗೆ ಗೊತ್ತು.

ಉಳಿದ ಮೂರು ದಿನ ದಾನಮ್ಮ ಬೇಕೆಂದೇ ರೊಟ್ಟಿ ಕರಕು ಮಾಡಿದಳು, ಕಸ ಅರ್ಧಕ್ಕೆ ಬಿಟ್ಟಳು, ಬಿಸಿಲಲ್ಲಿ ಕುಳಿತಳು. ಹನಮವ್ವ ಬೈದಳು, ಇವಳು ತಿರುಗಿ ವಾದಿಸಿದಳು. ಕೊನೆಗೆ ಮುದುಕಿಗೂ ತಿಳಿಯಿತು. "ದಿನಾ ಬೈಯಾಕ ನನಗ ಪಗಾರ ಕೊಡ್ತೀಯೇನ?" ಎಂದು ನಕ್ಕಳು. ಆ ಜಗಳ ಕೇಳಿ ದುರ್ಗಪ್ಪನ ನಾಲಿಗೆಯೂ ಸಡಿಲಾಯಿತು. "ಏನವ್ವಾ ದಾನಮ್ಮಾ, ಚಾ ಕುಡೀತಿಯೋ ಬರೇ ಬೈಸ್ಕೊಂತಿಯೋ?" ಎಂದ. ಅವನಿಗೆ ಅವಳು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಪಾಪ, ಗಾಬರಿಯಾಗಿ ಚಹಾ ಚೆಲ್ಲಿಕೊಂಡ.

ಹತ್ತನೆಯ ದಿನ ಅವಳು ಬೆಂಗಳೂರಿಗೆ ಹೋಗಿ ಮೈಕಿನ ಮುಂದೆ ನಿಂತಳು. ಎರಡೇ ದಿನದಲ್ಲಿ ಕೆಲಸ ಮುಗಿಯಿತು, ಯಾರನ್ನೂ ಕರೆಸುವ ಪ್ರಸಂಗ ಬರಲಿಲ್ಲ.

ಈ ಫೆಬ್ರುವರಿಯಲ್ಲಿ ಸಿನಿಮಾ ಬಾಗಲಕೋಟೆಗೆ ಬಂತು. ದಾನಮ್ಮ ಬೆಂಗಳೂರಿನ ಸಮಾರಂಭ ಬಿಟ್ಟು ಬಂದು ಹನಮವ್ವನ ಎಡಕ್ಕೆ ಕುಳಿತಳು, ನಾನು ಬಲಕ್ಕೆ. ಆರಂಭದ ಹೆಸರುಗಳಲ್ಲಿ 'ಮಾತು ಕಲಿಸಿದವರು: ಶಿರೂರಿನ ಹನಮವ್ವ' ಎಂದಿತ್ತು. ನಾನು ಗಟ್ಟಿಯಾಗಿ ಓದಿ ಹೇಳಿದೆ.

"ನಾ ಎಲ್ಲಿ ಕಲಿಸೇನವ್ವಾ? ಬೈದೇನಿ, ಅಷ್ಟ" ಎಂದಳು ಮುದುಕಿ. ಆದರೆ ಸೆರಗು ಸರಿಪಡಿಸಿಕೊಂಡಳು.

ಕಥೆಯಲ್ಲಿ ಹೊಳೆ ಏರಿ ಹಳ್ಳಿಗೆ ನುಗ್ಗುತ್ತದೆ. ಸೊಸೆ ಮನೆ ಮನೆ ಹೊಕ್ಕು ಗಂಡನ ಅಜ್ಜಿಯನ್ನು ಹುಡುಕುತ್ತಾಳೆ. "ಆಯೀ! ಎಲ್ಲಿ ಅದಿ ಆಯೀ?" ಎಂದು ದಾನಮ್ಮನ ದನಿ ಇಡೀ ಚಿತ್ರಮಂದಿರ ತುಂಬಿತು. ದಪ್ಪ ದನಿ, ನಮ್ಮ ಊರಿನ ದನಿ.

ಹನಮವ್ವ ಕುರ್ಚಿಯಿಂದ ಎದ್ದು ನಿಂತು ಕೂಗಿದಳು, "ಇಲ್ಲೇ ಅದೇನಿ ಬಾರವ್ವಾ ದಾನೀ! ಅಂಜಬ್ಯಾಡ!"

ಮಂದಿ ನಕ್ಕರು. ದಾನಮ್ಮ ಆಯಿಯ ಸೊಂಟ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹನಮವ್ವ ಪರದೆಯ ಕಡೆಗೇ ಕಿವಿಗೊಟ್ಟು, ಪಕ್ಕದಲ್ಲಿ ಅಳುತ್ತಿದ್ದವಳ ತಲೆಗೆ ಮೆಲ್ಲಗೆ ಮೊಟಕಿದಳು.

"ಏ, ಯಾರವ್ವಾ ನೀ? ಸುಮ್ನ ಕುಂದರ. ನಮ್ಮ ದಾನಿ ಮಾತಾಡಾಕ ಹತ್ಯಾಳ, ಕೇಳ್ಬೇಕ ನಾ."